ಓಮ್ನಿಗೆ ಹಾಕಿದ ಒಗ್ಗರಣೆ

ನಿಟ್ಟೂರಿನ ಕಡೆ ಯಾರು ಬರುತ್ತಿದ್ದಾರೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕಾಡು, ತಿರುವು, ಅಡಕೆ ತೋಟ ಇವುಗಳ ನಡುವೆ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಕೊಡಚಾದ್ರಿಗೆ ಜನ ಹೊರುವ ಜೀಪು ಗೊರಗೊರ ಅನ್ನುತ್ತದೆ. ಕೊಲ್ಲೂರಿನ ಬಸ್ಸು ತಿರುವಿಗೊಮ್ಮೆ ಕಹಳೆ ಊದುತ್ತದೆ. ನನ್ನ ಓಮ್ನಿ ಟಕಟಕ ಅನ್ನುತ್ತಿತ್ತು. ಆ ಟಕಟಕ ಕೆಳಗಿನ ತಿರುವಿನಲ್ಲಿ ಕೇಳಿದ ಕೂಡಲೇ ನನ್ನ ಹೆಂಡತಿ ಚಹಾಕ್ಕೆ ನೀರಿಡುತ್ತಿದ್ದಳು. ನಾನು ಅಂಗಳ ಮುಟ್ಟುವ ಹೊತ್ತಿಗೆ ಚಹಾ ಕುದ್ದಿರುತ್ತಿತ್ತು. ಹೀಗೆ ಸಂಸಾರಕ್ಕೆ ಒಗ್ಗಿಹೋಗಿದ್ದ ಸದ್ದನ್ನು ರೋಗವೆಂದು ತಿಳಿದು ಔಷಧಿ ಮಾಡಲು ಹೊರಟದ್ದೇ ನಾನು ಮಾಡಿದ ತಪ್ಪು.

ಮಲೆನಾಡಿನಲ್ಲಿ ಓಮ್ನಿಯನ್ನು ಕಾರು ಎನ್ನುವುದು ಅಷ್ಟು ಸರಿಯಲ್ಲ. ಅದು ಕೊಟ್ಟಿಗೆಗೆ ಚಕ್ರ ಹಾಕಿದ್ದು. ಬೆಳಿಗ್ಗೆ ಹಿಂಡಿ ಮೂಟೆ, ಮಧ್ಯಾಹ್ನ ಅಡಕೆ ಚೀಲ, ಸಂಜೆ ಅದೇ ಜಾಗದಲ್ಲಿ ರೇಷ್ಮೆ ಸೀರೆ ಉಟ್ಟ ನೆಂಟರು. ಕಂಪನಿಯವರು 1984ರಲ್ಲಿ ಇದನ್ನು ಮಾಡಲು ಶುರುಮಾಡಿ 2019ರಲ್ಲಿ ನಿಲ್ಲಿಸಿದರು. ನಮ್ಮ ಕಡೆಯವರು ಇನ್ನೂ ನಿಲ್ಲಿಸಿಲ್ಲ. 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್ನು ಮುಂದಿನ ಸೀಟಿನ ಕೆಳಗೇ ಕೂತಿರುತ್ತದೆ. ಮುಂದೆ ಕೂತವರಿಗೆ ಮಳೆಗಾಲದಲ್ಲಿ ಅದು ಅಗ್ಗಿಷ್ಟಿಕೆ, ಬೇಸಗೆಯಲ್ಲಿ ಪೂರ್ವಜನ್ಮದ ಕರ್ಮ. ಸೀಟಿನ ಕೆಳಗಿನ ಈ ಕರ್ಮ ಮುಂದೆ ನಮ್ಮ ಅತ್ತೆಯವರ ವಿಷಯದಲ್ಲಿ ಬರಲಿದೆ.

ಸದ್ದು ತುಸು ಜೋರಾದಾಗ ಊರಿನ ಮೇಸ್ತ್ರಿಗೆ ತೋರಿಸಿದೆ. ಆತ ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಸೀಟೆತ್ತಿ, ಎಣ್ಣೆ ಕಡ್ಡಿ ಎಳೆದು, ತುದಿಯ ಹನಿಯನ್ನು ಎರಡು ಬೆರಳಿನ ನಡುವೆ ಉಜ್ಜಿದ. ನಾಡಿ ನೋಡುವ ಪಂಡಿತರ ಮುಖ.

“ಎಣ್ಣೆ ಬದಲಿಸಿ ಎಷ್ಟು ಸಮಯ ಆತು?”

“ಹೋದ ದೀಪಾವಳಿ…” ಎಂದೆ. ಆಮೇಲೆ ನೆನಪಾಗಿ, “ಅಲ್ಲ, ಅದರ ಹಿಂದಿನ ದೀಪಾವಳಿ.”

ಐದು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ ಎಣ್ಣೆ ಹನ್ನೊಂದು ಸಾವಿರ ಓಡಿತ್ತು. ನನ್ನ ಕಡೆಯಿಂದಲೂ ವಾದವಿತ್ತು. ಎಣ್ಣೆ ಕಡಿಮೆಯಾದಾಗಲೆಲ್ಲ ಅರ್ಧ ಲೀಟರ್ ಹೊಸದು ಸುರಿಯುತ್ತಲೇ ಬಂದಿದ್ದೆನಲ್ಲ? ಕುದಿಸಿದ ಸಾರಿಗೆ ದಿನಾ ಒಂದು ಸೌಟು ಹೊಸದು ಬೆರೆಸಿ ನಮ್ಮನೆಯಲ್ಲಿ ವಾರ ತಳ್ಳುವುದಿಲ್ಲವೇ? ಮೇಸ್ತ್ರಿ ಈ ಪಾಕಶಾಸ್ತ್ರಕ್ಕೆ ಉತ್ತರ ಕೊಡಲಿಲ್ಲ. “ಎಣ್ಣೆ, ಫಿಲ್ಟರ್ ಬದಲಿಸಿ, ಟ್ಯಾಪೆಟ್ ಒಂಚೂರು ನೋಡುವ. ಅರ್ಧ ದಿನ ಗಾಡಿ ಬಿಟ್ಟೋಗಿ” ಎಂದ. ಬಿಟ್ಟು ಹೋದರೆ ಮನೆಗೆ ನಡೆಯಬೇಕು. “ಮುಂದಿನ ವಾರ ತರ್ತೀನಿ” ಎಂದೆ. ಮುಂದಿನ ವಾರ ಸಾಗರದಲ್ಲಿ ಜಾತ್ರೆ.

ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಮೂರು ವರ್ಷ ಕೂಡಿಟ್ಟ ದುಡ್ಡನ್ನೂ ಪೆದ್ದುತನವನ್ನೂ ಒಂದೇ ಸಂಜೆ ಖರ್ಚು ಮಾಡುವ ಸೌಕರ್ಯ ಅಲ್ಲಿದೆ. ಬೆಂಡು ಬತ್ತಾಸು, ತೊಟ್ಟಿಲು, ಬಳೆ ಅಂಗಡಿ ದಾಟಿದ ಮೇಲೆ ಒಬ್ಬ ಕುತ್ತಿಗೆಗೆ ಮೈಕು ಕಟ್ಟಿಕೊಂಡು ನಿಂತಿದ್ದ. ಅವನ ಮುಂದೆ ಒಂದು ಯಂತ್ರ: ಮೋಟಾರಿನಿಂದ ತಿರುಗುವ ಉಕ್ಕಿನ ಬಳೆ, ಅದನ್ನು ಒತ್ತುವ ಉಕ್ಕಿನ ತುಂಡು, ಒತ್ತಡ ಹೆಚ್ಚಿಸಲು ಉದ್ದನೆಯ ಹಿಡಿಕೆ. ಬಳೆಯ ಕೆಳಗೆ ಬಟ್ಟಲಿನಲ್ಲಿ ಎಂಜಿನ್ ಆಯಿಲ್.

“ಯಜಮಾನ್ರೇ, ನೀವೇ ಬನ್ನಿ!” ಎಂದು ಕರೆದ. ಅಷ್ಟು ಜನರ ನಡುವೆ ನನ್ನನ್ನೇ ಏಕೆ ಕರೆದನೆಂದು ಆಗ ಹೆಮ್ಮೆಪಟ್ಟೆ. ಈಗ ಯೋಚಿಸಿದರೆ ಹೆದರಿಕೆಯಾಗುತ್ತದೆ. ನನ್ನ ಮುಖದ ಮೇಲೇ ಏನೋ ಬರೆದಿರಬೇಕು. ಹಿಡಿಕೆ ಒತ್ತಿದೆ. ಕಿರ್ರ್ ಎಂದು ಕಿರುಚಿ ಯಂತ್ರ ನಿಂತಿತು. ಆತ ಬಟ್ಟಲಿಗೆ ತನ್ನ ಡಬ್ಬಿಯಿಂದ ಬಂಗಾರದ ಬಣ್ಣದ ದ್ರವವನ್ನು ನಾಲ್ಕು ಹನಿ ಬಿಟ್ಟ. ಮತ್ತೆ ಒತ್ತಿದೆ. ತಿರುಗಿತು. ಜೋತುಬಿದ್ದೆ. ಆದರೂ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಐವತ್ತೆಂಟು ವರ್ಷದ ಬಾಳಿನಲ್ಲಿ ನನ್ನ ಭಾರಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

“ಎಂಜಿನ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ತಿಕ್ಕಿ ಸವೆಯುತ್ತೆ ಸಾರ್! ಇದು ಹಾಕಿದ್ರೆ ಸವೆತ ಬಂದ್, ಹೊಗೆ ಬಂದ್, ಸದ್ದು ಬಂದ್! ಎರಡು ತಗೊಂಡ್ರೆ ಒಂದು ಫ್ರೀ!” ಎರಡು ತಗೊಂಡೆ. ಒಂಬೈನೂರು ರೂಪಾಯಿ. ಮೇಸ್ತ್ರಿ ಹೇಳಿದ್ದ ಹಳೇ ಔಷಧಿಗೆ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತಿತ್ತು, ಮೇಲೆ ಅರ್ಧ ದಿನದ ನಡಿಗೆ. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ದಾರಿಯುದ್ದಕ್ಕೂ ಹೆಂಡತಿಗೆ ವಿವರಿಸಿದೆ. ಅವಳು ಬತ್ತಾಸು ತಿನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಸೀಟೆತ್ತಿ, ಎರಡು ಡಬ್ಬಿಯನ್ನೂ ಸುರಿದೆ. ಎಣ್ಣೆ ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿರುತ್ತವೆ: ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಜಾತ್ರೆಗೆ ಹೋಗುವ ಮುಂಚೆಯೇ ಅರ್ಧ ಲೀಟರ್ ಸುರಿದು ಮೇಲಿನ ಗುರುತು ಮುಟ್ಟಿಸಿಟ್ಟಿದ್ದೆ. ಈಗ ಅದರ ಮೇಲೆ ಇನ್ನು ಆರುನೂರು ಮಿಲಿಲೀಟರ್. ಕಡ್ಡಿ ಎಳೆದು ನೋಡಿದಾಗ ಎಣ್ಣೆ ಗುರುತಿಗಿಂತ ಎಷ್ಟೋ ಮೇಲಕ್ಕೆ ಹತ್ತಿತ್ತು. ಸಮೃದ್ಧಿ ಎಂದುಕೊಂಡೆ.

ಸಂಶೋಧನೆ ಎಂದ ಮೇಲೆ ದಾಖಲೆ ಬೇಕಲ್ಲ? ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತ ಹೋದೆ. ಒಂದನೇ ದಿನ, ಸದ್ದು: ಕಡಿಮೆ. ಹೆಂಡತಿಯ ಅಭಿಪ್ರಾಯ ಕೇಳಿದೆ. “ಮೊದಲು ಅಡಕೆ ಸುಲಿಯೋ ಮಷೀನಿನ ಹಂಗೆ ಇತ್ತು. ಈಗ ಅದರ ಮೇಲೆ ಗೋಣಿ ಹೊದಿಸಿದ ಹಂಗೆ ಇದೆ” ಎಂದಳು. ‘ಸುಧಾರಣೆ’ ಎಂದು ಬರೆದೆ. ಐದನೇ ದಿನ, ಮೈಲೇಜು: ಹದಿನಾಲ್ಕರಿಂದ ಹದಿನಾರಕ್ಕೆ ಏರಿಕೆ! ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದೆ. ಮೈಲೇಜು ಅಳೆಯಬೇಕೆಂಬ ಭಯದಲ್ಲಿ ನಾನು ಆ ಐದು ದಿನ ಹೊಸ ಮದುಮಗನ ಹಾಗೆ ಗಾಡಿ ಬಿಟ್ಟಿದ್ದೆ. ಎಕ್ಸಲರೇಟರಿನ ಮೇಲೆ ಕಾಲಿಡುವ ಬದಲು ಕಾಲಿನ ನೆರಳು ಇಟ್ಟಿದ್ದೆ. ಔಷಧಿ ಎಂಜಿನ್ನಿಗೆ ಹಿಡಿದಿತ್ತೋ ಇಲ್ಲವೋ, ನನ್ನ ಬಲಗಾಲಿಗಂತೂ ಹಿಡಿದಿತ್ತು. ಅದನ್ನು ಮಾತ್ರ ದಾಖಲಿಸಲಿಲ್ಲ.

ಎರಡು ವಾರದ ಮೇಲೆ ಅತ್ತೆಯವರು ಕೊಲ್ಲೂರಿಗೆ ಹೋಗಬೇಕೆಂದರು. ಹೋಗುವಾಗ ನಾಗೋಡಿ ಘಾಟಿ ಇಳಿಜಾರು. ಓಮ್ನಿ ಹಂಸದ ಹಾಗೆ ಇಳಿಯಿತು. ದೇವಿಯ ದರ್ಶನ, ಚಂಡಿಕಾ ಹೋಮದ ಹೊಗೆ, ಊಟ ಎಲ್ಲ ಮುಗಿಸಿ ವಾಪಸು ಹೊರಟೆವು. ಹತ್ತುವ ಘಾಟಿ, ಉರಿಬಿಸಿಲು, ಗಾಡಿ ತುಂಬ ಜನ, ಎರಡನೇ ಗೇರು. ಮೂರನೇ ತಿರುವಿನ ಹತ್ತಿರ ಹಿಂದಿನ ಕನ್ನಡಿಯಲ್ಲಿ ರಸ್ತೆ ಮಾಯವಾಯಿತು. ಮಂಜು ಎಂದುಕೊಂಡೆ. ಮಾರ್ಚಿನ ಮಧ್ಯಾಹ್ನದಲ್ಲಿ ಮಂಜೇ ಎಂದು ಯೋಚಿಸುವಷ್ಟರಲ್ಲಿ ಅದು ನೀಲಿ ಬಣ್ಣಕ್ಕೆ ತಿರುಗಿತು. ಆಮೇಲೆ ಮುಂದಿನ ಸೀಟಿನ ಸಂದಿಯಿಂದ ಒಂದು ಎಳೆ ನಿಧಾನವಾಗಿ ಎದ್ದು ಅತ್ತೆಯವರ ಸೆರಗನ್ನು ಸುತ್ತಿತು.

“ಅಳಿಯಂದಿರೇ,” ಎಂದರು ಅವರು ಶಾಂತವಾಗಿ, “ಬೆಳಿಗ್ಗೆ ಒಂದು ಹೋಮ ಆಗಿದೆ. ಇದು ಯಾವುದು?”

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಒತ್ತಡದ ಕೆಂಪು ದೀಪ ಹೊತ್ತಿತು. ಇಷ್ಟು ವರ್ಷದಲ್ಲಿ ಆ ದೀಪ ಹೊತ್ತಿದ್ದನ್ನು ನಾನು ಕೀಲಿ ತಿರುಗಿಸುವಾಗ ಬಿಟ್ಟರೆ ನೋಡಿರಲಿಲ್ಲ. ಗಾಡಿ ಬದಿಗೆ ಹಾಕಿದೆ. ಅತ್ತೆಯವರನ್ನು ಇಳಿಸಿ, ಪ್ರಸಾದದ ಚೀಲ ಇಳಿಸಿ, ಸೀಟೆತ್ತಿದೆ. ಸಾಲು ಸಾಲು ಗಾಡಿಗಳು ನಮ್ಮನ್ನು ದಾಟಿದವು. ಕೊನೆಗೆ ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹೊತ್ತು ಹೊರಟಿದ್ದ ಒಂದು ಜೀಪು ನಿಂತಿತು. ಚಾಲಕ ಇಳಿದು ಬಂದು ಎಣ್ಣೆ ಕಡ್ಡಿ ಎಳೆದ. ಕಡ್ಡಿಯ ಮೇಲೆ ಎಣ್ಣೆಯಿರಲಿಲ್ಲ, ನೊರೆಯಿತ್ತು.

“ಇದೆಂತ ಮಾರಾಯ್ರೆ? ಎಂಜಿನ್ ಒಳಗೆ ಮಜ್ಜಿಗೆ ಕಡೀತಿದ್ರಾ?”

ಸರಿಯಾಗಿಯೇ ಕೇಳಿದ. ಎಣ್ಣೆ ಮಿತಿಮೀರಿದರೆ ತಿರುಗುವ ಕ್ರ್ಯಾಂಕು ಅದರಲ್ಲಿ ಮುಳುಗಿ, ಕಡಗೋಲಿನ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಪಂಪು ಎಣ್ಣೆಯ ಬದಲು ಗಾಳಿಗುಳ್ಳೆಯನ್ನು ಎಳೆಯುತ್ತದೆ, ಒತ್ತಡ ಬೀಳುತ್ತದೆ. ಹೆಚ್ಚಾದ ಎಣ್ಣೆ ಉಸಿರುಗೊಳವೆಯಿಂದ ನುಗ್ಗಿ ಪೆಟ್ರೋಲಿನ ಜೊತೆ ಸುಟ್ಟು ನೀಲಿ ಹೊಗೆಯಾಗುತ್ತದೆ. ಸವೆತ ತಡೆಯಲೆಂದು ಸುರಿದ ಎಣ್ಣೆ, ಸವೆತ ತಡೆಯಲು ಇದ್ದ ಎಣ್ಣೆಯನ್ನೂ ಕೆಡಿಸಿತ್ತು.

“ನೀವು ನಿಮ್ಮ ಜೀಪಿಗೆ ಎಂತ ಹಾಕ್ತೀರಿ?” ಎಂದು ಕೇಳಿದೆ. 1343 ಮೀಟರ್ ಎತ್ತರದ ಕೊಡಚಾದ್ರಿಗೆ, ಕಲ್ಲಿಗೂ ರಸ್ತೆಗೂ ವ್ಯತ್ಯಾಸವಿಲ್ಲದ ದಾರಿಯಲ್ಲಿ ದಿನಾ ಹತ್ತುವ ಎಂಜಿನ್ನು ಅದು. ಯಾವುದಾದರೂ ಗುಟ್ಟಿನ ಬೇರು ಇರಲೇಬೇಕು.

“ಎಣ್ಣೆ,” ಎಂದ ಅವನು.

ಹಗ್ಗ ಕಟ್ಟಿದ. ಜೀಪಿನ ಹಿಂದೆ ನನ್ನ ಓಮ್ನಿ, ಸಂತೆಗೆ ಹೋಗಲೊಲ್ಲದ ಎತ್ತಿನ ಹಾಗೆ, ನಿಟ್ಟೂರಿನ ಪೇಟೆಯ ನಡುವೆಯೇ ಎಳೆಸಿಕೊಂಡು ಬಂತು. ಜೀಪಿನ ಹಿಂಬದಿಯಲ್ಲಿ ಕೂತ ಪ್ರವಾಸಿಗರು ಸೂರ್ಯಾಸ್ತಕ್ಕೆಂದು ಉಳಿಸಿಕೊಂಡಿದ್ದ ಮೊಬೈಲಿನ ಬ್ಯಾಟರಿಯನ್ನು ನನ್ನ ಮೇಲೆ ಖರ್ಚು ಮಾಡಿದರು. ಐದನೇ ದಿನದ ಮೈಲೇಜು ಕೇಳಿದ್ದ ಕಟ್ಟೆಯವರು ಎದ್ದು ನಿಂತು, ಒಬ್ಬ ಗಂಭೀರವಾಗಿ ಕೇಳಿದ: “ಈಗ ಎಷ್ಟು ಕೊಡ್ತದೆ? ಎಣ್ಣೆನೇ ಬೇಡ ಅಲ್ವಾ?”

ಮೇಸ್ತ್ರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

“ಎಷ್ಟು ಹಾಕಿದ್ರಿ?”

“ಎರಡು ಡಬ್ಬಿ.”

“ತೆಗೆದದ್ದು ಎಷ್ಟು?”

“ಎಂತದನ್ನು?”

ಅವನು ಮುಂದೆ ಏನೂ ಕೇಳಲಿಲ್ಲ. ಕೆಳಗಿನ ಬೋಲ್ಟು ಬಿಚ್ಚಿದ. ಹನ್ನೊಂದು ಸಾವಿರ ಕಿಲೋಮೀಟರಿನ ಮಸಿಯೂ ಒಂಬೈನೂರು ರೂಪಾಯಿಯ ಬಂಗಾರವೂ ಒಂದೇ ಕಪ್ಪಾಗಿ ಬಾಂಡಲಿಗೆ ಬಿತ್ತು. ಫಿಲ್ಟರ್ ಬದಲಿಸಿದ, ಹೊಸ ಎಣ್ಣೆಯನ್ನು ಮೇಲಿನ ಗುರುತಿಗೆ ನೂಲಿನಷ್ಟು ಕೆಳಗೆ ನಿಲ್ಲಿಸಿದ. ಆಮೇಲೆ ಮೇಲ್ಮುಚ್ಚಳ ತೆಗೆದು, ಆರು ವಾಲ್ವುಗಳ ಸಂದಿಗೆ ಕಾಗದದಂಥ ತಗಡಿನ ಎಲೆ ತೂರಿಸಿ, ಒಂದೊಂದೇ ಸ್ಕ್ರೂ ತಿರುಗಿಸಿ ಬಿಗಿದ. ಇಪ್ಪತ್ತು ನಿಮಿಷ. ಟಕಟಕ ನಿಂತುಹೋಯಿತು. ಆ ಸದ್ದಿಗೆ ಬೇಕಿದ್ದದ್ದು ಒಂದು ಸ್ಪ್ಯಾನರು.

“ಹಂಗಾದ್ರೆ ಆ ಡಬ್ಬಿಯಿಂದ ಉಪಯೋಗವೇ ಇಲ್ವಾ?” ಎಂದೆ, ಇನ್ನೂ ಮರ್ಯಾದೆಯ ಚೂರು ಉಳಿದೀತೆಂದು.

“ಇದೆಯಲ್ಲ. ಅಂಥವು ಕೆಲವು ದಪ್ಪ ಇರ್ತವೆ. ಹಳೇ ಎಂಜಿನ್ನಿಗೆ ಹಾಕಿದ್ರೆ ಸ್ವಲ್ಪ ದಿನ ಸದ್ದು ಅಡಗ್ತದೆ, ಹೊಗೆ ಕಮ್ಮಿಯಾಗ್ತದೆ. ಗಾಡಿ ಮಾರೋದಾದ್ರೆ ಹಾಕಿ. ಓಡ್ಸೋದಾದ್ರೆ ಬೇಡ.”

ಅಂದು ಸಂಜೆ ಸದ್ದಿಲ್ಲದೆ ಮನೆಗೆ ಬಂದೆ. ಅಂಗಳದಲ್ಲಿ ಐದು ನಿಮಿಷ ನಿಂತೆ. ಚಹಾ ಬರಲಿಲ್ಲ. “ನೀವು ಬಂದದ್ದೇ ಗೊತ್ತಾಗ್ಲಿಲ್ಲ” ಎಂದಳು ಹೆಂಡತಿ. ಈಗ ನಾನೂ ಕೊಲ್ಲೂರಿನ ಬಸ್ಸಿನ ಹಾಗೆ ತಿರುವಿನಲ್ಲಿ ಹಾರನ್ ಹೊಡೆಯುತ್ತೇನೆ.

ಮಳೆಗಾಲ ಹಿಡಿಯಿತು. ನಮ್ಮಲ್ಲಿ ಮಳೆಗಾಲವೆಂದರೆ ಕರೆಂಟು ನೆಂಟರ ಹಾಗೆ ಬಂದು ಹೋಗುವ ಕಾಲ. ನೆಟ್‌ವರ್ಕು ಸಿಗಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು. ಕೊಡೆ ಹಿಡಿದು, ಒಂದು ಕಾಲಿನ ಇಂಬಳ ಇನ್ನೊಂದು ಕಾಲಿನಿಂದ ಒರೆಸಿಕೊಳ್ಳುತ್ತ, ದುಡ್ಡು ಕೊಡುವ ಮುಂಚೆ ಓದಬೇಕಾದದ್ದನ್ನೆಲ್ಲ ಕೊಟ್ಟ ಮೇಲೆ ಓದಿದೆ.

ಓದಿದ ಮೇಲೆ ಮೊದಲು ಅವಮಾನವಾದದ್ದು ಇದಕ್ಕೆ: ಅಂಗಡಿಯಲ್ಲಿ ಸಿಗುವ ಎಂಜಿನ್ ಆಯಿಲ್ ಬರೀ ಎಣ್ಣೆಯೇ ಅಲ್ಲ. ಅದಕ್ಕೆ ಕಾರ್ಖಾನೆಯಲ್ಲೇ ಒಗ್ಗರಣೆ ಬಿದ್ದಿರುತ್ತದೆ. ಮಸಿ ತೊಳೆಯುವುದು ಒಂದು, ತೊಳೆದ ಮಸಿ ಮುದ್ದೆಯಾಗದಂತೆ ತೇಲಿಸುವುದು ಒಂದು, ಬಿಸಿಗೆ ತೀರ ನೀರಾಗದಂತೆ ಹಿಡಿಯುವುದು ಒಂದು, ನೊರೆ ತಡೆಯುವುದು ಒಂದು. ಹತ್ತರಲ್ಲಿ ಒಂದು ಪಾಲಿನಿಂದ ಹಿಡಿದು ಕಾಲು ಪಾಲಿನವರೆಗೆ ಇಂಥವೇ ಇರಬಹುದು. ಸವೆತ ತಡೆಯಲೆಂದೇ ಸತು ಮತ್ತು ರಂಜಕದ ಒಂದು ಸಂಯುಕ್ತವಿದೆ. ಎಣ್ಣೆಯವರು ಜಡ್‌ಡಿಡಿಪಿ ಎನ್ನುತ್ತಾರೆ. 1940ರ ದಶಕದಿಂದಲೂ ಬಳಕೆಯಲ್ಲಿದೆ. ಲೋಹಕ್ಕೆ ಲೋಹ ಒತ್ತಿ ಬಿಸಿಯಾದ ಜಾಗದಲ್ಲಿ ಅದು ಗಾಜಿನಂಥ ತೆಳು ಪೊರೆ ಕಟ್ಟಿ, ತಾನು ಸವೆದು ಲೋಹವನ್ನು ಉಳಿಸುತ್ತದೆ. ಇದನ್ನೂ ಬೇಕಾದಷ್ಟು ಸುರಿಯುವಂತಿಲ್ಲ. ರಂಜಕ ಹೆಚ್ಚಾದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ತೊಳೆಯುವ ಪದಾರ್ಥ ಹೆಚ್ಚಾದರೆ ಅದೂ ಈ ಸಂಯುಕ್ತವೂ ಲೋಹದ ಮೇಲಿನ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಅಳೆದು ತೂಗಿ ಹದ ಮಾಡಿದ ಹುಳಿಗೆ, ರುಚಿ ನೋಡದೆ ಇನ್ನೊಂದು ಸೌಟು ಒಗ್ಗರಣೆ ಹೊಯ್ದ ಭಾವಯ್ಯ ನಾನು.

ಎರಡನೆಯದು ಆ ಜಾತ್ರೆಯ ಯಂತ್ರದ ಗುಟ್ಟು. ಅಲ್ಲಿ ಉಕ್ಕಿನ ತುಂಡು ಉಕ್ಕಿನ ಬಳೆಯನ್ನು ಒಂದು ಗೆರೆಯಷ್ಟು ಜಾಗದಲ್ಲಿ ಒತ್ತುತ್ತದೆ. ಕ್ಲೋರಿನ್ ಬೆರೆತ ಕೆಲವು ದ್ರವಗಳು ಅಲ್ಲಿ ಪವಾಡ ತೋರಿಸುತ್ತವೆ. ಅವೇ ಎಂಜಿನ್ನಿನ ಒಳಗೆ ಕಾಲಕ್ರಮದಲ್ಲಿ ಲೋಹ ತಿನ್ನಬಹುದು. ಆದರೆ ಎಂಜಿನ್ನಿನ ಮುಖ್ಯ ಬೇರಿಂಗುಗಳಲ್ಲಿ ತಿರುಗುವ ದಂಡ ಲೋಹವನ್ನು ಮುಟ್ಟುವುದೇ ಇಲ್ಲ, ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿನ ಲಾಂಚು ತೇಲುತ್ತಿದ್ದ ಹಾಗೆ. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಎಷ್ಟು ಬಸ್ಸು, ಎಷ್ಟು ಜನ ಹೊತ್ತರೂ ಲಾಂಚಿನ ತಳ ನಡುನೀರಿನಲ್ಲಿ ಸವೆಯುತ್ತಿರಲಿಲ್ಲ, ಉಜ್ಜುತ್ತಿದ್ದರೆ ದಡದಲ್ಲಿ. ಎಂಜಿನ್ನಿಗೂ ದಡವಿದೆ: ಬೆಳಿಗ್ಗೆ ಕೀಲಿ ತಿರುಗಿಸುವ ಗಳಿಗೆ, ಕ್ಯಾಮ್‌ಶಾಫ್ಟಿನ ಮೂತಿ ಒತ್ತುವ ಜಾಗ, ಪಿಸ್ಟನ್ ರಿಂಗು ತಿರುಗಿ ಹೊರಡುವ ತುದಿ. ಅಲ್ಲಿ ಕಾವಲಿಗೆಂದೇ ಆ ಸತುವಿನ ಸಂಯುಕ್ತವನ್ನು ಮೊದಲೇ ನಿಲ್ಲಿಸಿದ್ದಾರೆ. ನನ್ನ ಚಪ್ಪಾಳೆಯ ಯಂತ್ರ ಪರೀಕ್ಷಿಸಿದ್ದು ಲಾಂಚನ್ನು ಕೆರೆ ಏರಿಯ ಮೇಲೆ ಎಳೆದು.

ಮೂರನೆಯದು ಮನಸ್ಸಿಗೆ ಸಮಾಧಾನ ಕೊಟ್ಟಿತು. ಪೆದ್ದರು ಸಾಗರದ ಜಾತ್ರೆಯಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಎಸ್‌ಟಿಪಿ ಎಂಬ ಡಬ್ಬಿಯನ್ನು ಮಾರುತ್ತಿದ್ದ ಆಂಡಿ ಗ್ರನಟೆಲ್ಲಿ ಟೀವಿ ಜಾಹೀರಾತಿನಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಅದರಲ್ಲಿ ಅದ್ದಿ, ‘ಎರಡು ಬೆರಳಲ್ಲಿ ಹಿಡಿಯಿರಿ ನೋಡೋಣ’ ಎಂದು ಸವಾಲು ಹಾಕಿಸುತ್ತಿದ್ದ. ಜಾರುತ್ತಿತ್ತು, ಜನ ಕೊಳ್ಳುತ್ತಿದ್ದರು. ನಾನು ತೆಂಗಿನೆಣ್ಣೆಯಲ್ಲಿ ಅದ್ದಿ ನೋಡಿದೆ. ಅದೂ ಜಾರಿತು. ಎಣ್ಣೆಯ ಖರ್ಚು ತಗ್ಗುತ್ತದೆಂಬ ಹೇಳಿಕೆಗಾಗಿ ಆ ಕಂಪನಿ 1978ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿಗೆ ಐದು ಲಕ್ಷ ಡಾಲರ್ ದಂಡ ಕಟ್ಟಿ, ಆ ಸಂಗತಿಯನ್ನು ತಾನೇ ದುಡ್ಡು ಕೊಟ್ಟು ಪತ್ರಿಕೆಗಳಲ್ಲಿ ಹಾಕಿಸಬೇಕಾಯಿತು. ಸ್ಲಿಕ್ 50 ಎಂಬ ಇನ್ನೊಂದರಲ್ಲಿ ಟೆಫ್ಲಾನ್ ಪುಡಿ. ಎಂಜಿನ್ ಚಾಲೂ ಆಗುವಾಗ ಅದಕ್ಕೆ ರಕ್ಷಣೆಯೇ ಇರುವುದಿಲ್ಲ ಎಂದು ಹೆದರಿಸಿ ಮಾರುತ್ತಿದ್ದರು. ಕೈಪಿಡಿಯಲ್ಲಿ ಹೇಳಿದ ಎಣ್ಣೆ ಹಾಕಿದರೆ ಆ ರಕ್ಷಣೆ ಇದ್ದೇ ಇರುತ್ತದೆ ಎಂದಿತು ಕಮಿಷನ್; 1997ರಲ್ಲಿ ಕಂಪನಿ ರಾಜಿಯಾಗಿ, ಆಧಾರವಿಲ್ಲದ ಅಂಥ ಮಾತು ಇನ್ನು ಆಡುವುದಿಲ್ಲವೆಂದು ಒಪ್ಪಬೇಕಾಯಿತು. ದೋಸೆ ಕಾವಲಿಗೆ ಟೆಫ್ಲಾನ್ ಹಿಡಿಸಬೇಕಾದರೆ ಕಾರ್ಖಾನೆಯಲ್ಲಿ 350 ಡಿಗ್ರಿಗೂ ಮೇಲೆ ಕಾಯಿಸಬೇಕು. ಎಂಜಿನ್ನಿನ ಎಣ್ಣೆ ನೂರರ ಆಸುಪಾಸು. ಪುಡಿ ಅಂಟುವುದೆಲ್ಲಿಗೆ?

ಇಷ್ಟು ತಿಳಿದವನು ಬದಲಾಗಿರಬೇಕು ತಾನೆ? ಆಗಸ್ಟಿನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು. ಅಡಕೆಯ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯಬೇಕು. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಪುಸ್ತಿಕೆ ಬರೆದ ಕಾಲದಿಂದ ನಮ್ಮ ಪಾಲಿಗೆ ಔಷಧಿಯೆಂದರೆ ಬೋರ್ಡೋ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಕೆ ಮರ ಹತ್ತುವ ಕೊನೆಗೌಡ ಡ್ರಮ್ಮಿನಲ್ಲಿ ಕಲಸಿ, ಸೊಂಟದ ಕತ್ತಿ ತೆಗೆದು ಅದ್ದಿ ಹಿಡಿದ. ಅಲಗಿಗೆ ತಾಮ್ರದ ಕೆಂಪು ಕಚ್ಚಿದರೆ ಸುಣ್ಣ ಸಾಲದು ಎಂದರ್ಥ, ಕಚ್ಚದಿದ್ದರೆ ಹದ. ಕತ್ತಿ ಬೆಳ್ಳಗೇ ಬಂತು. “ಸಾಕು. ಇನ್ನು ಎಂತದೂ ಸೇರಿಸೋದು ಬೇಡ” ಎಂದ.

ನನಗೆ ಒಳಗೇ ಬೆಳಕಾಯಿತು. ಐವತ್ತು ವರ್ಷದಿಂದ ಈ ಕತ್ತಿಯನ್ನು ನೋಡುತ್ತ ಬಂದಿದ್ದೇನೆ. ಓಮ್ನಿಯ ಎಣ್ಣೆ ಕಡ್ಡಿಯೂ ಇಂಥದೇ ಕತ್ತಿ. ಅದೂ ‘ಸಾಕು’ ಎಂದೇ ಹೇಳಿತ್ತು. ಈ ವಿಷಯವನ್ನು ಕೊನೆಗೌಡನಿಗೆ ವಿವರವಾಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಔಷಧಿ ಹೊಡೆಯುವ ಪಂಪು ಚಾಲೂ ಆಯಿತು. ಕಟಕಟ ಸದ್ದು. ಹೋದ ವರ್ಷ ಇಷ್ಟಿರಲಿಲ್ಲ.

ನನ್ನ ಕಾಲುಗಳು ತಾವಾಗಿಯೇ ಕೊಟ್ಟಿಗೆಯ ಅಟ್ಟದ ಕಡೆ ನಡೆದವು. ಹಳೇ ಹಾಳೆಟೊಪ್ಪಿಯ ಅಡಿಯಲ್ಲಿ, ಮುಚ್ಚಳ ಬಿಚ್ಚದ ಆ ಮೂರನೇ ಡಬ್ಬಿ, ಉಚಿತದ್ದು, ಬಂಗಾರದಂತೆ ಹೊಳೆಯುತ್ತಿತ್ತು. ತಂದೆ. ಪಂಪಿನ ಹತ್ತಿರ ಬರುವಷ್ಟರಲ್ಲಿ ಕೊನೆಗೌಡ ನನ್ನ ಕೈ ನೋಡಿದ. ಆಮೇಲೆ ಪಂಪು ನೋಡಿದ.

“ಅಯ್ಯಾ, ಇದರ ಎಣ್ಣೆ ಬದಲಿಸಿ ಎಷ್ಟು ಸಮಯ ಆತು?”

ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದೆ.

“ಹೋದ ದೀಪಾವಳಿ…” ಎಂದೆ.